ಹುಳುಮನೆಗೆ ಬಂದ ಉಗಾಂಡ

ನಮ್ಮ ಕಡೆಯ ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆದ ಮಾರನೇ ವರ್ಷ ಇರಬೇಕು, ರೇಷ್ಮೆ ತರಬೇತಿ ಕೇಂದ್ರದ ಅಧಿಕಾರಿಯೊಬ್ಬರು ನಮ್ಮ ಮನೆಗೆ ಬಂದರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ ನಮ್ಮೂರು. ಊರಲ್ಲಿ ರೇಷ್ಮೆಹುಳು ಸಾಕದ ಮನೆಗಳೇ ಕಡಿಮೆ. ಆದರೂ ಅವರು ನಮ್ಮ ಮನೆಯನ್ನೇ ಕೇಳಿಕೊಂಡು ಬಂದದ್ದು ನನ್ನಿಂದಾಗಿ. ಈ ಮನೆಯ ಸೊಸೆ ಚಿಂತಾಮಣಿ ಕಾಲೇಜಿನಲ್ಲಿ ಬಿ.ಎ. ಮಾಡಿದ್ದಾಳೆ, ಅಷ್ಟೋ ಇಷ್ಟೋ ಇಂಗ್ಲಿಷ್ ಬರುತ್ತೆ ಅಂತ ಯಾರೋ ಹೇಳಿದ್ದರಂತೆ.

"ಆಫ್ರಿಕಾದಿಂದ ಕೆಲವರು ಕಲಿಯೋಕೆ ಬಂದಿದಾರಮ್ಮ. ಒಂದು ಹುಳು ಬೆಳೆ ಮುಗಿಯೋ ತನಕ, ಹೆಚ್ಚುಕಮ್ಮಿ ಒಂದು ತಿಂಗಳು, ರೈತರ ಮನೇಲೇ ಇರ್ಬೇಕು. ಒಬ್ಬರನ್ನ ನೀವು ಇಟ್ಕೊಳ್ತೀರಾ?" ಅಂದರು.

ನಾನು ಅತ್ತೆಯ ಮುಖ ನೋಡಿದೆ. ಮನೆಯ ಮಿಕ್ಕ ಭಾಗ ಯಾರದಾದರೂ ಆಗಲಿ, ಹುಳುಮನೆ ಮಾತ್ರ ಅತ್ತೆಯದು. ಹೊರಗಿನವರನ್ನು ಅವರು ಅದರ ಬಾಗಿಲಿಗೂ ಬಿಡುತ್ತಿರಲಿಲ್ಲ. ರೋಗ ಬರುತ್ತೆ ಅಂತ ಇಲಾಖೆಯವರು ಹೇಳುತ್ತಿದ್ದರು, ದೃಷ್ಟಿಯಾಗುತ್ತೆ ಅಂತ ಅತ್ತೆ ಹೇಳುತ್ತಿದ್ದರು.

"ಹೆಂಗಸಾ, ಗಂಡಸಾ?" ಅಂತ ಅತ್ತೆ ಕೇಳಿದರು.

"ಹೆಂಗಸು. ಉಗಾಂಡ ದೇಶದವರು."

"ಹಂಗಾದ್ರೆ ಬರ್ಲಿ ಬಿಡಿ. ಕಾಲು ತೊಳ್ಕೊಂಡು ಒಳಗೆ ಬರ್ಬೇಕು, ಅಷ್ಟೇ."

ಮೂರನೇ ದಿನ ಜೀಪು ಬಂತು. ಇಳಿದವರು ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಉದ್ದನೆಯ ಹೂವಿನ ಲಂಗ, ತಲೆಗೆ ಅದೇ ಬಣ್ಣದ ಬಟ್ಟೆ. ನೋಡಲು ಬೀದಿ ತುಂಬ ಜನ. ಅವರು ಯಾರ ಕಡೆಗೂ ನೋಡದೆ ನೇರವಾಗಿ ಜಗಲಿಯ ಮೇಲೆ ಕೂತಿದ್ದ ಅತ್ತೆಯ ಮುಂದೆ ಬಂದು, ಎರಡೂ ಮಂಡಿಯೂರಿ ನೆಲದ ಮೇಲೆ ಕೂತುಬಿಟ್ಟರು. ಅತ್ತೆಗೆ ಗಾಬರಿ. "ಏನೇ ಇದು, ಏನೋ ಬೀಳಿಸ್ಕೊಂಡ್ರಾ ನೋಡೇ," ಅಂತ ತಾವೂ ಬಗ್ಗಿ ನೆಲ ಹುಡುಕತೊಡಗಿದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರ ಸೀಮೆಯಲ್ಲಿ ಹೆಂಗಸರು ಹಿರಿಯರನ್ನು ಮಾತಾಡಿಸುವುದೇ ಹಾಗಂತೆ. ಮಂಡಿಯೂರಿ, ರಾತ್ರಿ ಹೇಗೆ ಕಳೆಯಿತು, ಮನೆಯವರು ಹೇಗಿದ್ದಾರೆ, ಹೊಲ ಹೇಗಿದೆ ಅಂತ ಒಂದೊಂದಾಗಿ ವಿಚಾರಿಸಬೇಕಂತೆ. ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ನಾನು ಮದುವೆಯಾಗಿ ಬಂದ ದಿನದಿಂದ ಒಮ್ಮೆಯೂ ಹಾಗೆ ಮಾಡಿರಲಿಲ್ಲ ಅನ್ನೋದು ಆ ನೋಟದಲ್ಲಿತ್ತು.

ಅವತ್ತೇ ಸಂಜೆ ನಾನು ಅವರನ್ನು ಅಕ್ಕ ಅನ್ನತೊಡಗಿದೆ. ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡು, ಅವರು ನನ್ನನ್ನೂ ಅಕ್ಕ ಅಂತಲೇ ಕರೆದರು. ನಾನು ತಿದ್ದಲು ಹೋಗಲಿಲ್ಲ.

ಊಟಕ್ಕೆ ಏನು ಮಾಡುವುದು ಅನ್ನೋದು ನನ್ನ ದೊಡ್ಡ ಚಿಂತೆಯಾಗಿತ್ತು. ಅನ್ನ, ಚಪಾತಿ ಮಾಡೋಣ ಅಂದುಕೊಂಡಿದ್ದೆ. ಅತ್ತೆ ಮಾತ್ರ ದಿನದ ಹಾಗೆ ಒಲೆಯ ಮೇಲೆ ನೀರಿಟ್ಟು ರಾಗಿಹಿಟ್ಟು ಹಾಕಿ ಮುದ್ದೆ ತೊಳಸಲು ಕೂತರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಪಾತ್ರೆಯೊಳಗೆ ಬಗ್ಗಿ ನೋಡಿದರು. ಹಿಟ್ಟನ್ನು ಚಿಟಿಕೆ ತೆಗೆದು ನಾಲಗೆಗೆ ಹಾಕಿಕೊಂಡರು. ಆಮೇಲೆ ಅತ್ತೆಯ ಪಕ್ಕ ಕೂತು, ಅವರ ಕೈಯಿಂದ ಕೋಲು ತೆಗೆದುಕೊಂಡು, ಪಾತ್ರೆಯನ್ನು ಒಲೆಯಿಂದ ಇಳಿಸಿ ಎರಡು ಪಾದಗಳ ನಡುವೆ ಒತ್ತಿ ಹಿಡಿದು ತೊಳಸಿದರು. ಒಂದು ಗಂಟೂ ಉಳಿಯಲಿಲ್ಲ.

"ಕಲೋ," ಅಂದರು ನಗುತ್ತ. ಅವರ ಊರಲ್ಲಿ ರಾಗಿಮುದ್ದೆಗೆ ಅದೇ ಹೆಸರು. ಅಲ್ಲಿ ಅದನ್ನು ಕಡಲೆಕಾಯಿ ಅರೆದು ಕುದಿಸಿದ ಸಾರಿನ ಜೊತೆ ತಿನ್ನುತ್ತಾರಂತೆ, ನಮ್ಮ ಹಾಗೇ ಕೈಯಲ್ಲಿ ಮುರಿದು, ಹಳ್ಳ ಮಾಡಿ, ಅದ್ದಿ. ಭಾರತಕ್ಕೆ ಬಂದ ಮೇಲೆ ಎಲ್ಲರೂ ಅನ್ನವನ್ನೇ ಇಟ್ಟು ಇಟ್ಟು, ಹೊಟ್ಟೆ ತುಂಬಿದ ಹಾಗೇ ಆಗಿರಲಿಲ್ಲ ಅಂದರು. ಬಸ್ಸಾರಿನ ಜೊತೆ ಎರಡು ಮುದ್ದೆ ಉಂಡರು. ಅತ್ತೆ ಎದುರಿಗೇ ಕೂತು ಅವರು ನುಂಗುವುದನ್ನು ನೋಡಿ, "ನಮ್ಮೋಳೇ ಕಣೇ ಇವ್ಳು. ನೀನು ಹುಟ್ಟಿದ್ದು ಇಲ್ಲೇ ಆದ್ರೂ ಮುದ್ದೆ ಅಗೀತೀಯ," ಅಂತ ನನಗೆ ಹೇಳಿದರು. ಹುಳುಮನೆಯ ಬಾಗಿಲು ಮಾರನೇ ಬೆಳಿಗ್ಗೆ ಅಕ್ಕನಿಗೆ ತಾನಾಗೇ ತೆರೆಯಿತು.

ಅಕ್ಕ ಉಗಾಂಡದ ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಊರಲ್ಲಿ ಸ್ವಂತ ಕಾಫಿ ಗಿಡಗಳಿದ್ದವು, ಬಾಳೆತೋಟ ಇತ್ತು, ಹೊಸದಾಗಿ ಹಿಪ್ಪುನೇರಳೆ ಹಾಕಿದ್ದರು. ಹಳ್ಳಿಯ ಕೌನ್ಸಿಲಿನಲ್ಲಿ ಹೆಂಗಸರ ಪರವಾಗಿ ಆರಿಸಿ ಬಂದ ಕಾರ್ಯದರ್ಶಿಯೂ ಆಗಿದ್ದರು. ಸಂಜೆ ಹುಳುವಿಗೆ ಸೊಪ್ಪು ಹಾಕಿ ಬಂದ ಮೇಲೆ ಜಗಲಿಯಲ್ಲಿ ಮಾತು. ಅತ್ತೆ ಕೇಳುವುದು, ಅಕ್ಕ ಹೇಳುವುದು, ನಡುವೆ ನಾನು.

"ನಿಮ್ಮೂರಿಗೆ ಸಮುದ್ರ ಐತಾ?"

"ನಮ್ಮ ದೇಶಕ್ಕೇ ಸಮುದ್ರ ಇಲ್ಲ. ಸುತ್ತ ಬೇರೆ ದೇಶಗಳು. ಆದ್ರೆ ಕೆರೆ ಇದೆ. ದಡದಲ್ಲಿ ನಿಂತ್ರೆ ಆಚೆ ದಡ ಕಾಣಿಸಲ್ಲ. ಅದರ ಬಾಯಿಂದ ನೈಲ್ ನದಿ ಹೊರಡುತ್ತೆ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋದ್ರೆ ಹತ್ತಿರ."

"ಆಚೆ ದಡ ಕಾಣಿಸಲ್ಲ ಅಂದ್ರೆ ಅದೇ ಸಮುದ್ರ ಅಲ್ವಾ?"

"ಅಲ್ಲ, ಕುಡಿಯೋ ನೀರು."

ಅತ್ತೆ ನನ್ನ ಕಡೆ ತಿರುಗಿ, "ಒಂದು ಪೈಪು ಈ ಕಡೆಗೆ ಎಳೆಸೋಕೆ ಆಗ್ತದಾ ಕೇಳೇ," ಅಂದರು. ನಾನು ಕೇಳಿದೆ. ಅಕ್ಕ ನಕ್ಕು, ಈಜಿಪ್ಟಿನವರು ಒಪ್ಪಬೇಕಲ್ಲ, ನೈಲಿನ ನೀರಿಗೆ ಕಾಯುತ್ತ ಕೂತಿರುವವರು ಬಹಳ ಜನ ಅಂದರು. ಕಾವೇರಿ ಜಗಳ ಕೇಳಿ ಕೇಳಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಗಂಡನಿಗೆ ವ್ಯಾಪಾರದ್ದೇ ಆಸಕ್ತಿ. ಕಾಫಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ಪಕ್ಕದ ಕೆನ್ಯಾ ದೇಶದ ಬಂದರಿಗೆ ಲಾರಿಯಲ್ಲಿ ಹೋಗಬೇಕು, ಗಡಿಯಲ್ಲಿ ಲಾರಿಗಳು ದಿನಗಟ್ಟಲೆ ಸಾಲು ನಿಲ್ಲುತ್ತವೆ. ಪೆಟ್ರೋಲು, ಔಷಧಿ, ಸೈಕಲ್ಲು ಎಲ್ಲ ಬರುವುದೂ ಅದೇ ದಾರಿಯಲ್ಲಿ ಅಂದರು ಅಕ್ಕ. ಹಿಂದೆ ಆ ದೇಶದಲ್ಲಿ ಗಲಾಟೆಯಾದಾಗ ಇವರಲ್ಲಿ ಪೆಟ್ರೋಲು ಬರುವುದೇ ನಿಂತು, ಅಕ್ಕ ಇಲಾಖೆಯ ಬೈಕು ಬಿಟ್ಟು ನಡೆದೇ ಹಳ್ಳಿ ಸುತ್ತಿದ್ದರಂತೆ.

"ನಮ್ದೂ ಅಷ್ಟೇ," ಅಂದರು ನನ್ನ ಗಂಡ. "ಬೆಂಗ್ಳೂರಲ್ಲಿ ಯಾರೋ ಬಂದ್ ಮಾಡಿದ್ರೆ ಶಿಡ್ಲಘಟ್ಟದಲ್ಲಿ ಗೂಡು ಕೇಳೋರಿರಲ್ಲ."

ಒಂದು ದಿನ ಚಿಂತಾಮಣಿಗೆ ಕರೆದುಕೊಂಡು ಹೋಗಿದ್ದೆ. ಬಟ್ಟೆ ಅಂಗಡಿಯವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿ, ಪಕ್ಕದ ಗಿರಾಕಿಗೆ ತೆಲುಗಿನಲ್ಲಿ ಬೆಲೆ ಹೇಳಿ, ಒಳಗಿದ್ದ ತಮ್ಮನಿಗೆ ಉರ್ದುವಿನಲ್ಲಿ ಥಾನು ತರಲು ಕೂಗಿದರು. ಅಕ್ಕ ಅದನ್ನು ಕೇಳುತ್ತ ನಿಂತುಬಿಟ್ಟರು. ತಮ್ಮದೂ ಇದೇ ಕತೆ ಅಂದರು: ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಲಾರಿಯವರ ಜೊತೆ ಸ್ವಾಹಿಲಿ, ಆಫೀಸಿನಲ್ಲಿ ಇಂಗ್ಲಿಷ್. ಮಾರುಕಟ್ಟೆಯಲ್ಲಿ ಬಾಳೆಕಾಯಿ ಗೊನೆ ಕಂಡು ಇಡೀ ಗೊನೆಯನ್ನೇ ಕೊಂಡರು. ಮನೆಗೆ ಬಂದು ಸಿಪ್ಪೆ ಸುಲಿದು, ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ, ಹಿಸುಕಿ ಬಡಿಸಿದರು. ಅವರ ದೇಶದ ದೊಡ್ಡ ಊಟ ಅದು. ನನ್ನ ಗಂಡ ಉಪ್ಪು ಕೇಳಿದರು, ಆಮೇಲೆ ಖಾರ ಕೇಳಿದರು, ಆಮೇಲೆ ಉಪ್ಪಿನಕಾಯಿಯ ಜೊತೆ ಪೂರ್ತಿ ತಿಂದರು.

ಇನ್ನೊಂದು ಸಂಜೆ ಅತ್ತೆ ಸರ್ಕಾರದ ವಿಷಯಕ್ಕೆ ಬಂದರು. "ನಿಮ್ಮಲ್ಲಿ ರಾಜ ಇದಾನಾ?"

"ಒಂದೊಂದು ಸೀಮೆಗೂ ಒಬ್ಬೊಬ್ಬ ರಾಜ ಇದಾರೆ, ಮರ್ಯಾದೆಗೆ. ಆಳೋದು ಅಧ್ಯಕ್ಷರು. ನಾನು ಸ್ಕೂಲಲ್ಲಿದ್ದಾಗ ಬಂದವರು, ಈಗ್ಲೂ ಅವರೇ. ಜಿಲ್ಲೆಗಳು ಮಾತ್ರ ಹೊಸ ಹೊಸದು ಆಗ್ತಾನೇ ಇವೆ."

ಹೊಸ ಜಿಲ್ಲೆಯ ಮಾತಿಗೆ ನಾವೆಲ್ಲ ನಕ್ಕೆವು. ಆಗಲೇ ನನ್ನ ಗಂಡ, "ನಮ್ಮಮ್ಮನೂ ಹಂಗೇ, ಸಂಘ ಶುರುವಾದಾಗಿಂದ ಅವ್ರೇ ಅಧ್ಯಕ್ಷೆ," ಅಂದುಬಿಟ್ಟರು. ಊರಿನ ಮಹಿಳಾ ಸಂಘಕ್ಕೆ ಅತ್ತೆಯೇ ಮೊದಲಿಂದ ಅಧ್ಯಕ್ಷೆ. ಪ್ರತಿ ಸಲವೂ "ಅವ್ರೇ ಇರ್ಲಿ" ಅಂತ ಒಬ್ಬರು ಅನ್ನುವುದು, ಮಿಕ್ಕವರು ತಲೆಯಾಡಿಸುವುದು. ಜಗಲಿಯ ತುದಿಯಲ್ಲಿ ಹೂ ಕಟ್ಟುತ್ತ ಕೂತಿದ್ದ ಪಕ್ಕದ ಮನೆಯಾಕೆ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ.

"ಹಳ್ಳೀಲಿ ಹೆಂಗೆ ಆರಿಸ್ತೀರಾ ಕೇಳು," ಅಂದರು.

ಅಕ್ಕ ಎದ್ದು ನಿಂತು ತೋರಿಸಿದರು. ಹಳ್ಳಿಯ ಮಟ್ಟದಲ್ಲಿ ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಚುನಾವಣೆಗೆ ನಿಂತವರು ಮೈದಾನದಲ್ಲಿ ದೂರ ದೂರ ನಿಲ್ಲುತ್ತಾರೆ, ಊರವರು ತಮಗೆ ಬೇಕಾದವರ ಹಿಂದೆ ಸಾಲು ನಿಲ್ಲುತ್ತಾರೆ. ಉದ್ದದ ಸಾಲು ಗೆದ್ದಿತು. ಇದರಲ್ಲಿ ಮೋಸ ಮಾಡಲು ಆಗಲ್ಲ ಅನ್ನೋದು ಒಳ್ಳೆಯದು. ಯಾರು ಯಾರ ಹಿಂದೆ ನಿಂತರು ಅಂತ ಎಲ್ಲರಿಗೂ ಕಾಣುತ್ತೆ ಅನ್ನೋದು ಕೆಟ್ಟದ್ದು. ಅಕ್ಕನ ಚಿಕ್ಕಪ್ಪ ಒಬ್ಬರು ಸೋತ ಮೇಲೆ ತಮ್ಮ ಸಾಲಿನಲ್ಲಿ ಕಾಣದ ತಂಗಿಯ ಜೊತೆ ಒಂದು ಸುಗ್ಗಿ ಪೂರ್ತಿ ಮಾತಾಡಿರಲಿಲ್ಲವಂತೆ.

"ನಾಳೆ ಸಂಘದ ಮೀಟಿಂಗ್ ಐತೆ," ಅಂದರು ಅತ್ತೆ. "ಹಂಗೇ ಮಾಡಣ."

ಶಾಲೆಯ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದರು. ಮೊದಲು ಸುಮ್ಮನೆ ಅಭ್ಯಾಸಕ್ಕೆ ಅಂತ ಸಾಲು ನಿಲ್ಲಲು ಹೇಳಿದರೆ, ಅರ್ಧಕ್ಕರ್ಧ ಜನ ಅಕ್ಕನ ಹಿಂದೆ ಹೋಗಿ ನಿಂತರು. ಅಕ್ಕ ಕೈಮುಗಿದು ಪಕ್ಕಕ್ಕೆ ಸರಿದರೆ ಸಾಲೂ ಅವರ ಹಿಂದೆಯೇ ಸರಿಯಿತು. ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ನಿಜವಾದದ್ದು. ಅತ್ತೆ ನೀರಿನ ತೊಟ್ಟಿಯ ಹತ್ತಿರ ನಿಂತರು. ಎದುರಿಗೆ ಯಾರು ಅಂದಾಗ, ಪಕ್ಕದ ಮನೆಯಾಕೆ ನನ್ನ ತೋಳು ಹಿಡಿದು ಬೇವಿನ ಮರದ ಹತ್ತಿರ ತಂದು ನಿಲ್ಲಿಸಿದಳು.

"ನಾನ್ಯಾಕೆ," ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ಆ ಕಡೆಯಿಂದ, "ನಿಂತ್ಕೊಳೇ, ಏನಾಗ್ತದೆ," ಅಂದರು. ಗೆಲ್ಲುವುದು ತಾವೇ ಅಂತ ಅವರಿಗೆ ಖಾತ್ರಿ ಇತ್ತು. ನನಗೂ ಇತ್ತು.

ನಿಂತವರು ಹಿಂತಿರುಗಿ ನೋಡಬಾರದು ಅಂತ ಅಕ್ಕನ ನಿಯಮ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದೆ ಹೆಜ್ಜೆ ಸಪ್ಪಳ, ಬಳೆ ಸದ್ದು, ಪಿಸುಮಾತು. ಯಾರೋ ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಹಿಂದೆ ಇನ್ನೊಬ್ಬರ ಉಸಿರು. ಸೋಲಲಿ ಅಂತ ಒಂದು ಮನಸ್ಸು, ಇನ್ನೂ ಒಬ್ಬರು ಬರಲಿ ಅಂತ ಇನ್ನೊಂದು. ಅಕ್ಕ "ತಿರುಗಿ" ಅಂದಾಗ ತಿರುಗಿ ನೋಡಿದರೆ, ನನ್ನ ಸಾಲು ಗೇಟಿನವರೆಗೂ ಹೋಗಿತ್ತು. ಅತ್ತೆಯ ಹಿಂದೆ ಅವರ ಓರಗೆಯ ನಾಲ್ಕೈದು ಮುದುಕಿಯರು.

ಅತ್ತೆ ಎರಡು ಸಾಲುಗಳನ್ನೂ ನಿಧಾನವಾಗಿ ನೋಡಿದರು. "ನನ್ನ ಕಣ್ಣು ಇನ್ನೂ ಚೆನ್ನಾಗೈತೆ, ಯಾರ್ಯಾರು ಎಲ್ಲಿದೀರ ಅಂತ ಕಾಣ್ತಾ ಐತೆ," ಅಂದರು. ಕೆಲವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಮರುಕ್ಷಣ ಅತ್ತೆಯೇ ನಕ್ಕುಬಿಟ್ಟರು. "ಬಿಡ್ರೇ, ಇನ್ಮೇಲೆ ಬ್ಯಾಂಕಿನ ಮೆಟ್ಲು ಇವ್ಳು ಹತ್ತಲಿ. ನನ್ನ ಮಂಡಿ ಹೋಗೈತೆ."

ಹಾಗಂದರೂ ಎರಡು ದಿನ ನನ್ನ ಜೊತೆ ಮಾತು ಕಡಿಮೆ. ಅದನ್ನು ಮುರಿದದ್ದು ಹುಳುಗಳು. ಅಂದುಕೊಂಡದ್ದಕ್ಕಿಂತ ಮೊದಲೇ ಹಣ್ಣಾಗಿ, ಮೈಯೆಲ್ಲ ಹೊಳಪಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ತಕ್ಷಣ ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ರೇಷ್ಮೆ ಹಾಳು. ಕೂಲಿಯವರೆಲ್ಲ ಮುರುಗಮಲ್ಲದ ಕಡೆ ಮದುವೆಗೆ ಹೋಗಿದ್ದರು. "ಏನು ಮಾಡಣ ಅಧ್ಯಕ್ಷರೇ?" ಅಂದರು ಅತ್ತೆ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಓಡಿಹೋಗಿ ನನ್ನ ಸಾಲಿನಲ್ಲಿದ್ದವರನ್ನು ಕರೆದೆ, ಅತ್ತೆಯ ಸಾಲಿನವರೂ ಬಂದರು. ಅಕ್ಕ ಲಂಗ ಎತ್ತಿ ಕಟ್ಟಿ, ಹುಳು ಆರಿಸುತ್ತ ತಮ್ಮ ಭಾಷೆಯಲ್ಲಿ ಹಾಡು ಎತ್ತಿದರು. ಒಂದು ಸಾಲು ಅವರು, ಮುಂದಿನ ಸಾಲನ್ನು ಎಲ್ಲರೂ ಹೇಳಬೇಕಾದ ಹಾಡು. ಅರ್ಥ ಗೊತ್ತಿಲ್ಲದೆಯೂ ನಮ್ಮ ಹೆಂಗಸರು ಎರಡನೇ ಸಲಕ್ಕೇ ಹಿಡಿದುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿ ನೆರಳಲ್ಲಿ ನಿಂತಿದ್ದವು.

ಆ ಬೆಳೆಯ ಗೂಡು ಗಟ್ಟಿಯಾಗಿ, ಬೆಳ್ಳಗೆ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿ ತಲೆದೂಗಿದಾಗ, ಅಕ್ಕ ತಮ್ಮದೇ ಬೆಳೆ ಅನ್ನುವ ಹಾಗೆ ಎದೆಯುಬ್ಬಿಸಿ ನಿಂತಿದ್ದರು. ಅದಾಗಿ ಎರಡು ದಿನಕ್ಕೆ ಜೀಪು ಬಂತು. ಹೊರಡುವಾಗ ಅವರು ಮಂಡಿಯೂರಲು ಹೋದರೆ, ಅತ್ತೆ ಬಿಡದೆ ಎಬ್ಬಿಸಿ, ಹಣೆಗೆ ಕುಂಕುಮ ಇಟ್ಟು, ಸಂಘದವರೆಲ್ಲ ಸೇರಿ ತಂದಿದ್ದ ರೇಷ್ಮೆ ಸೀರೆ ಉಡಿಯಲ್ಲಿ ಹಾಕಿದರು.

ಸಂಘದಲ್ಲಿ ಆ ಪದ್ಧತಿ ಆಮೇಲೂ ನಡೆಯಿತು, ಸಣ್ಣ ತಿದ್ದುಪಡಿಯೊಂದಿಗೆ: ನಿಂತವರ ಕಣ್ಣಿಗೆ ಬಟ್ಟೆ ಕಟ್ಟಿ, ಎಣಿಸಿ, ಎಲ್ಲರೂ ಚದುರಿದ ಮೇಲೆಯೇ ಬಿಚ್ಚುವುದು. ಮೂರನೇ ವರ್ಷ ನಾನು ಸೋತೆ, ಪಕ್ಕದ ಮನೆಯಾಕೆ ಗೆದ್ದಳು.

ಅಕ್ಕ ಒಮ್ಮೆ ನನ್ನ ಮೊಬೈಲಿಗೆ ಫೋನ್ ಮಾಡಿದರು. ಅವರ ಹಳ್ಳಿಯಲ್ಲಿ ಆರು ಮನೆಯವರು ಹುಳು ಸಾಕತೊಡಗಿದ್ದಾರೆ ಅಂದರು. ನಾನು ಅದನ್ನು ಅತ್ತೆಗೆ ಹೇಳುವಷ್ಟರಲ್ಲಿ ಅವರು ಫೋನು ಕಿತ್ತುಕೊಂಡು, ಸೊಪ್ಪು ಒದ್ದೆ ಇರಬಾರದು, ಗಾಳಿ ಆಡಬೇಕು ಅಂತ ಕನ್ನಡ ತೆಲುಗು ಬೆರೆಸಿ ಹೇಳತೊಡಗಿದರು. ಆ ಕಡೆಯಿಂದ ಅಕ್ಕನೂ ತಮ್ಮ ಭಾಷೆಯಲ್ಲೇ ಏನೋ ಹೇಳುತ್ತಿದ್ದುದು ನನಗೆ ಕೇಳುತ್ತಿತ್ತು. ಇಬ್ಬರೂ ನಡುನಡುವೆ ನಗುತ್ತಿದ್ದರು. ನಾನು ಕೈ ಚಾಚಿದೆ, ಅತ್ತೆ ಫೋನು ಕೊಡಲಿಲ್ಲ.