ಮದುಮಗನಿಗೆ ಒಂದು ಬಕೆಟ್ ನೀರು

ನೀರು ಸಕಲ ಜೀವಿಗಳಿಗೂ ಆಧಾರ. ಮನುಷ್ಯನಿಗೆ ಈ ಪರಮಸತ್ಯ ಹೊಳೆಯುವುದು ಸಾಮಾನ್ಯವಾಗಿ ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ.

ಮಂಗಳೂರಿನ ಹೋಟೆಲೊಂದರಲ್ಲಿ ಬೆಳಿಗ್ಗೆ ಯಾರೋ ನಮ್ಮ ಕೋಣೆಯ ಬಾಗಿಲು ಬಡಿದರು. ತೆರೆದರೆ, ಟವೆಲು ಸುತ್ತಿಕೊಂಡ ಯುವಕನೊಬ್ಬ ತಲೆಯಿಂದ ಪಾದದವರೆಗೆ ನೊರೆಯಾಗಿ, ಒಂದೇ ಕಣ್ಣು ಬಿಟ್ಟುಕೊಂಡು ನಿಂತಿದ್ದ.

“ಪಕ್ಕದ ರೂಮಿನವ ಸಾರ್. ನಲ್ಲಿಯಲ್ಲಿ ನೀರು ನಿಂತಿತು ಮಾರಾಯ್ರೆ, ಪಂಪು ಹಾಳಾಗಿದೆಯಂತೆ. ಇನ್ನೊಂದು ಗಂಟೆಯಲ್ಲಿ ನನ್ನ ಮದುವೆ!”

ನಮ್ಮ ನಲ್ಲಿಯೂ ಒಣಗಿತ್ತು. ಆದರೆ ಬಚ್ಚಲಲ್ಲಿ ಬಕೆಟ್ ತುಂಬಿತ್ತು. ದಿಲ್ಲಿಯ ಜನಕಪುರಿಯಲ್ಲಿ ನಮ್ಮ ಮನೆಗೆ ನೀರು ಬರುವುದು, ಬಂದರೆ, ದಿನಕ್ಕೊಮ್ಮೆ. ಅಲ್ಲೇ ಬೆಳೆದ ನನ್ನ ಎಂಟು ವರ್ಷದ ಮಗಳು ನಲ್ಲಿ ಕಂಡಲ್ಲಿ ಬಕೆಟ್ ಇಡುತ್ತಾಳೆ. ಹಿಂದಿನ ಸಂಜೆಯೂ, ಸಮುದ್ರದ ಊರಲ್ಲಿ ಇದೇಕೆಂದು ನಾನು ನಗುತ್ತಿದ್ದಂತೆಯೇ ತುಂಬಿಸಿಟ್ಟಿದ್ದಳು.

ಈಗ ಅವಳು ಮದುಮಗನನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟಳು: “ಅಚ್ಛಾ, ಪೂರಾ ಬಕೆಟ್ ಲೇ ಲೋ ಅಂಕಲ್, ಎಲ್ಲಾ ತಗೊಳ್ಳಿ. ಪಪ್ಪಾ ನಾಳೆ ಸ್ನಾನ ಮಾಡ್ತಾರೆ.”

ಮದುವೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ನಾನು ಸ್ನಾನವಿಲ್ಲದೆ ದಿಲ್ಲಿಯ ರೈಲು ಹತ್ತಿದೆ.