ಸೋಮವಾರ ಮೈಲಾರವ್ವನ ಚಕ್ಕಡಿ, ಗುರುವಾರ ಮಹಬೂಬಸಾಬರದು

ಜುಲೇಖಾಬಿ ದೇವಿಕೊಪ್ಪದಲ್ಲಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಏನು ಕೊಟ್ಟರೂ ಪದರ ಪದರವಾಗಿ ಹಾಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ ಹೊದಿಕೆ ಮಾಡಿ ಕೊಡುತ್ತಿದ್ದಳು. ಅದು ಅವಸರದ ಕೆಲಸವಲ್ಲ. ಯಾರ ಮನೆಯ ಕೌದಿಯೋ ಅವರ ಪಡಸಾಲೆಯಲ್ಲೇ ಕಾಲು ಚಾಚಿ ಕುಳಿತು ದಿನಗಟ್ಟಲೆ ಹೊಲಿಯಬೇಕು. ಹೀಗಾಗಿ ಯಾರ ಎತ್ತು ಕುಂಟುತ್ತದೆ, ಯಾರ ಸೊಸೆ ಬಸುರಿ, ಯಾರು ಯಾವಾಗ ಕಲಘಟಗಿಗೆ ಹೋಗುತ್ತಾರೆ ಎಂಬುದೆಲ್ಲ ಆಕೆಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸೂ ಅಲ್ಲ. ದೊಡ್ಡ ಬಾಯಿ. ಆಕೆ ನಮ್ಮ ಗೋಡೆಯಾಚೆ ಮಾತಾಡಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು.

ನಾನು ವತ್ಸಲಾಬಾಯಿ, ಆ ಊರಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು. ನನ್ನ ಗಂಡ ಬಾಳಕೃಷ್ಣ ಅವರಿಗೆ ಅಣ್ಣಿಗೇರಿಯಲ್ಲಿ ನೌಕರಿ. ರವಿವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ ಮಥುರಾಬಾಯಿ, ಇಬ್ಬರೇ. ಅತ್ತೆಯದು ಮಡಿ ಜಾಸ್ತಿ, ಮಾತು ಕಡಿಮೆ.

೧೯೭೪ರ ದೀಪಾವಳಿ ಹೊತ್ತಿಗೆ ನನಗೆ ಬೆನ್ನು ನೋವು ಶುರುವಾಯಿತು. ಮೊದಲು ಬೆಚ್ಚಗೆ ಎಣ್ಣೆ ತಿಕ್ಕಿಸಿಕೊಂಡೆ. ಆಮೇಲೆ ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದವಳಿಗೆ ಏಳಲಿಕ್ಕೇ ಆಗಲಿಲ್ಲ. ಹುಬ್ಬಳ್ಳಿಗೆ ಒಯ್ದರು. ಎಲುಬಿನ ಫೋಟೋ ತೆಗೆದು ನೋಡಿದ ಡಾಕ್ಟರರು ಬೆನ್ನೆಲುಬಿಗೆ ಕ್ಷಯ ಹಿಡಿದಿದೆ ಎಂದರು. ಕೆಲವು ವಾರ ಅಲ್ಲೇ ಮಲಗಿಸಿ, ಗಟ್ಟಿ ಪಟ್ಟಿಯೊಂದನ್ನು ಎದೆಯಿಂದ ಸೊಂಟದವರೆಗೆ ಬಿಗಿದು ಮನೆಗೆ ಕಳಿಸಿದರು. ರೋಗ ವಾಸಿಯಾಗುತ್ತದೆ, ಆದರೆ ಎರಡು ಮಾತು ನಡೆಸಬೇಕು ಎಂದರು. ವಾರಕ್ಕೆ ಎರಡು ಸಲ ಸೂಜಿ ಮಾಡಿಸಿಕೊಂಡು, ಗುಳಿಗೆಯನ್ನು ದವಾಖಾನೆಯವರ ಕಣ್ಣೆದುರೇ ನುಂಗಬೇಕು. ಒಂದೂವರೆ ವರ್ಷ ತಪ್ಪಿಸುವಂತಿಲ್ಲ. ಎರಡನೆಯದು, ಬೆನ್ನಿಗೆ ಧಕ್ಕೆ ತಾಗಬಾರದು. ಮಲಗಿಯೇ ಇರಬೇಕು.

ಕಲಘಟಗಿಯಲ್ಲಿ ಆಗ ಕ್ಷಯದ ಔಷಧ ಕೊಡುವ ಸಣ್ಣ ದವಾಖಾನೆಯೊಂದಿತ್ತು. ಸೂಜಿಗೆ ಅಲ್ಲಿಗೆ ಹೋಗಬಹುದು ಎಂದು ಚೀಟಿ ಬರೆದುಕೊಟ್ಟರು. ಕೇಳಲು ಸುಲಭ. ಆದರೆ ನಮ್ಮೂರಿಂದ ಕಲಘಟಗಿಯವರೆಗಿನ ರಸ್ತೆಯಲ್ಲಿ ಬಸ್ಸಿನ ಗಟ್ಟಿಮುಟ್ಟಾದ ಪ್ರಯಾಣಿಕರೇ ಕುಳಿತಲ್ಲಿಂದ ಗೇಣೆತ್ತರ ಹಾರುತ್ತಿದ್ದರು. ಮಲಗಿರಬೇಕಾದವಳು ವಾರಕ್ಕೆ ಎರಡು ಸಲ ಹೋಗುವುದು ಹೇಗೆ?

ನನ್ನವರು ನನ್ನನ್ನು ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಇಡುವ ವಿಚಾರ ಮಾಡಿದರು. ಆ ಮನೆಯಲ್ಲಿ ಎರಡೇ ಕೋಣೆ, ಒಂಬತ್ತು ಜನ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ ಕೇಳುತ್ತಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಜುಲೇಖಾಬಿಯ ದನಿ ಬಂತು.

“ಹುಬ್ಬಳ್ಳಿಗ್ಯಾಕ ಕಳಸ್ತೀರಿ ಅಕ್ಕೋರನ್ನ? ದಿನಾ ಇಲ್ಲಿಂದ ಚಕ್ಕಡಿ ಹೋಗ್ತಾವಲ್ಲ ಕಲಘಟಗಿಗೆ! ಕಟಗಿ ಹೋಗ್ತೈತಿ, ಬೆಲ್ಲ ಹೋಗ್ತೈತಿ. ಒಬ್ಬ ಹೆಣಮಗಳು ಹೋಗಾಕ ಬರಂಗಿಲ್ಲೇನ್ರಿ?”

“ಚಕ್ಕಡಿ ಬಸ್ಸಿಗಿಂತ ಜಾಸ್ತಿ ಜಗ್ಗಾಡ್ತದಲ್ಲ ಜುಲೇಖಾ,” ಎಂದರು ಅತ್ತೆ.

“ಕೆಳಗ ಕೌದಿ ಹಾಸೂಣ್ರಿ. ನನ್ನ ಮನ್ಯಾಗ ಎಷ್ಟ ಅದಾವು.”

ಆಕೆ ಅಂದೇ ಊರು ತಿರುಗಿದಳು. ಯಾರಿಗೆ ಕೌದಿ ಹೊಲಿದುಕೊಟ್ಟಿದ್ದಳೋ ಅವರ ಮನೆಗೆಲ್ಲ ಹೋಗಿ ಕೇಳಿದಳು. ಸಂಜೆ ಬಂದು ನನ್ನ ಹಾಸಿಗೆಯ ಬಾಜು ಕುಳಿತು, “ಸೋಮವಾರ ಮೈಲಾರವ್ವ, ಗುರುವಾರ ಮಹಬೂಬಸಾಬ. ಮುಗೀತ್ರಿ,” ಎಂದಳು.

ಮೈಲಾರವ್ವ ಗಂಡ ತೀರಿದ ಮೇಲೆ ತಾನೇ ಎತ್ತು ಹೂಡಿ ಒಕ್ಕಲುತನ ಮಾಡುತ್ತಿದ್ದವಳು. ಚಕ್ಕಡಿ ಹೊಡೆಯುವುದರಲ್ಲಿ ಗಂಡಸರಿಗೇನೂ ಕಡಿಮೆಯಿರಲಿಲ್ಲ. ಮಹಬೂಬಸಾಬರು ಕಲಘಟಗಿಗೆ ಕಟ್ಟಿಗೆ ಹೇರುತ್ತಿದ್ದ ಮುದುಕರು. ಅವರ ಬಾಯಲ್ಲಿ ಮಾತಿಗಿಂತ ಬೀಡಿಯೇ ಹೆಚ್ಚು ಹೊತ್ತು ಇರುತ್ತಿತ್ತು.

ಮೊದಲ ಸೋಮವಾರ ಕೌದಿಯ ಮೇಲೆ ಕೌದಿ ಹಾಸಿ ನನ್ನನ್ನು ಮಲಗಿಸಿದರು. ಊರ ಅಗಸಿ ಬಾಗಿಲು ದಾಟುವುದರೊಳಗೆ ನನ್ನ ಕಣ್ಣಲ್ಲಿ ನೀರು. ಒಂದೊಂದು ಕಲ್ಲಿಗೂ ಬೆನ್ನಲ್ಲಿ ಬೆಂಕಿ ತಾಗಿದಂತಾಗುತ್ತಿತ್ತು. ನಾನು ಹಲ್ಲು ಕಚ್ಚಿದ್ದನ್ನು ನೋಡಿ, ಬಾಜು ಕುಳಿತಿದ್ದ ಜುಲೇಖಾಬಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಕೆ ಅಷ್ಟು ಹೊತ್ತು ಸುಮ್ಮನಿದ್ದುದು ನಾನು ನೋಡಿದ್ದು ಅದೇ ಮೊದಲು.

ಆಕೆಯ ಗಂಡ ದಾವೂದಸಾಬ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಹತ್ತಿರ ಕಟ್ಟಿಗೆ ಕಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಅಂದು ಜುಲೇಖಾಬಿ ಮನೆಗೆ ಹೋಗಿ ಗಂಡನ ಮುಂದೆ ಅತ್ತಳಂತೆ. ಆತ ಕೇಳಿಸಿಕೊಂಡು, ಉಣ್ಣುವುದನ್ನು ಬಿಟ್ಟು ಚಕ್ಕಡಿ ನೋಡಲು ಎದ್ದುಹೋದ. ಬುಧವಾರ ಒಂದು ಹೊರಸು ಹೊತ್ತುಕೊಂಡು ಬಂದ. ಚಕ್ಕಡಿಯಲ್ಲಿ ಹಿಡಿಯುವಷ್ಟೇ ಅಗಲದ ಮಂಚ. ಹೆಣಿಗೆ ಒತ್ತಾದ ಹಗ್ಗದ್ದು. ನಾಲ್ಕು ಮೂಲೆಗೂ ತೊಟ್ಟಿಲಿಗೆ ಇರುವಂಥ ಕಬ್ಬಿಣದ ಬಳೆ. ಚಕ್ಕಡಿಯ ನಾಲ್ಕು ಗೂಟಗಳಿಗೆ ಗಳ ಕಟ್ಟಿ, ಅದಕ್ಕೆ ಆ ಹೊರಸನ್ನು ಚಕ್ಕಡಿಯ ತಳಕ್ಕೆ ತಾಗದಂತೆ ತೂಗಿಬಿಟ್ಟ.

“ಗಾಲಿ ಜಗ್ಗಾಡ್ಲಿ ಅಕ್ಕೋರ, ನೀವು ಜಗ್ಗಾಡಂಗಿಲ್ಲ,” ಎಂದ.

ನಿಜವೇ. ಗುರುವಾರ ಕಲ್ಲು ಬಂದರೆ ಗಾಲಿ ಹಾರಿತು, ನಾನು ಹಾರಲಿಲ್ಲ. ಆದರೆ ತೂಗಾಡಿ ತೂಗಾಡಿ ಹೊಟ್ಟೆ ತೊಳಸಿ, ಬೆಳಿಗ್ಗೆ ಕುಡಿದ ಚಹಾ ಎಲ್ಲ ಹೊರಸಿನ ಕೆಳಗೆ ಹೇರಿದ್ದ ಮಹಬೂಬಸಾಬರ ಕಟ್ಟಿಗೆಯ ಮೇಲೆ ಹೋಯಿತು. ಆ ಮುದುಕರು ತಿರುಗಿ ನೋಡಿ, “ಇರ್ಲಿ ಬಿಡವ್ವಾ, ಹೆಂಗೂ ಸುಡೂ ಕಟಗಿ,” ಎಂದರು. ನಾನು ನಕ್ಕೆ, ಎಷ್ಟೋ ದಿನದ ಮೇಲೆ ನಕ್ಕಿದ್ದೆ. ದಾವೂದಸಾಬ ಹೊರಸಿನ ಎರಡೂ ಮಗ್ಗುಲಿಗೆ ಹುಲ್ಲು ತುಂಬಿದ ಚೀಲ ಸಿಕ್ಕಿಸಿದ ಮೇಲೆ ಆ ತೂಗಾಟವೂ ನಿಂತಿತು.

ದವಾಖಾನೆಯಲ್ಲಿ ಇನ್ನೊಂದು ತೊಡಕು. ಹೊರಸಿನಿಂದ ಇಳಿಸುವುದು, ಸರದಿಯಲ್ಲಿ ನಿಲ್ಲಿಸುವುದು, ಮತ್ತೆ ಹತ್ತಿಸುವುದು, ಇಷ್ಟರಲ್ಲೇ ನನಗೆ ಜೀವ ಹೋಗುತ್ತಿತ್ತು. ಮೂರನೆಯ ಸಲ ಜುಲೇಖಾಬಿ ನನ್ನನ್ನು ಇಳಿಸಲೇ ಇಲ್ಲ. ಮೈಲಾರವ್ವನಿಗೆ ಹೇಳಿ ಚಕ್ಕಡಿಯನ್ನು ಹಿಂದುಮುಂದು ಮಾಡಿಸಿ ದವಾಖಾನೆಯ ಕಟ್ಟೆಗೆ ತಂದು ಹಚ್ಚಿಸಿದಳು. ಕಂಪೌಂಡರ ಓಡಿಬಂದ.

“ಏನಬೇ ಇದು? ದವಾಖಾನಿಯೊಳಗ ಎತ್ತು ತರ್ತಿಯೇನು?”

“ಎತ್ತು ಹೊರಗ ಅದಾವ್ರಿ. ಬರೇ ಅಕ್ಕೋರು ಒಳಗ ಬಂದಾರ. ಅಲ್ಲಿಂದ ಇಲ್ಲಿಗೆ ಸೂಜಿ ಬರಾಕ ಎಷ್ಟ ದೂರ ಆಗ್ತೈತಿ?”

ಡಾಕ್ಟರರು ಹೊರಗೆ ಬಂದರು. ಹೊರಸು, ಬಳೆ, ಹುಲ್ಲಿನ ಚೀಲ ಎಲ್ಲವನ್ನೂ ಮುಟ್ಟಿ ನೋಡಿ, “ಚಲೋ ಮಾಡೀರಿ. ಇಲ್ಲೇ ಕೊಡೂಣು,” ಎಂದರು. ಅಂದಿನಿಂದ ಕಂಪೌಂಡರನೇ ಚಕ್ಕಡಿಯ ಸಪ್ಪಳ ಕೇಳಿದೊಡನೆ ನೀರಿನ ಲೋಟ ಹಿಡಿದು ಕಟ್ಟೆಗೆ ಬರುತ್ತಿದ್ದ.

ಊರಲ್ಲಿ ಕೆಲವರು ಹೆದರಿದ್ದೂ ಉಂಟು. ಕ್ಷಯದವಳನ್ನು ಮಲಗಿಸಿದ ಚಕ್ಕಡಿಯಲ್ಲಿ ಕಾಳುಕಡಿ ಹೇರುವುದು ಹೇಗೆ ಎಂದು ಬಾವಿಕಟ್ಟೆಯಲ್ಲಿ ಯಾರೋ ಅಂದರಂತೆ. ಜುಲೇಖಾಬಿ ಡಾಕ್ಟರರನ್ನೇ ಕೇಳಿ ಬಂದು, “ಅಕ್ಕೋರ ಬ್ಯಾನಿ ಎಲಬಿನಾಗ ಐತಿ, ಕೆಮ್ಮಿನಾಗಿಲ್ಲ. ಹತ್ತಿಕೊಳ್ಳಾಂಗಿದ್ರ ಮೊದಲ ನನಗ ಹತ್ತಿಕೋಬೇಕಿತ್ತು, ನಾ ನೋಡು ಹೆಂಗ ಅದೀನಿ,” ಎಂದು ಅದೇ ಬಾವಿಕಟ್ಟೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಕೆ ಒಳ್ಳೆ ದಪ್ಪಗಿದ್ದಳು.

ಶಾಲೆಯ ಮುಂದೆ ಹಾಯುವಾಗ ಮಾತ್ರ ನನಗೆ ನಾಚಿಕೆಯಾಗುತ್ತಿತ್ತು. “ಅಕ್ಕೋರು ತೊಟ್ಟಿಲದಾಗ ಹೊಂಟಾರ!” ಎಂದು ಹುಡುಗರು ಕಿಟಕಿಗೆ ಬರುತ್ತಿದ್ದರು. ನಾನು ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ಬರಬರುತ್ತ ನಾನೂ ಮಲಗಿದಲ್ಲಿಂದಲೇ ಕೈ ಎತ್ತಿ ಮಗ್ಗಿ ಕೇಳತೊಡಗಿದೆ.

ಮಳೆಗಾಲ ಬಂತು. ಬಿತ್ತಿದ ಭತ್ತ ಸಾಲು ಹಿಡಿದ ಮೇಲೆ ಎತ್ತು ಹೂಡಿ ಸಾಲುಗಳ ನಡುವಿನ ಕಸ ತೆಗೆಯುವ, ಎಡೆ ಹೊಡೆಯುವ ದಿನಗಳು. ಒಂದು ದಿನ ಎತ್ತು ಹೊಲ ಬಿಟ್ಟರೆ ಕಸ ಬೆಳೆಯನ್ನು ನುಂಗುತ್ತದೆ. ಮೈಲಾರವ್ವ ಬಾಗಿಲಲ್ಲಿ ನಿಂತು ಸಂಕೋಚದಿಂದ ಹೇಳಿದಳು.

“ಒಲ್ಲೆ ಅನ್ನಾಂಗಿಲ್ಲ, ಅಕ್ಕೋರ. ಆದ್ರ ಹೊಲ ಬಿಟ್ರ ನನಗ್ಯಾರ ಅದಾರ?”

“ಬ್ಯಾಡವ್ವಾ, ನೀ ಹೊಲ ನೋಡ್ಕೊ,” ಎಂದೆ. ಜುಲೇಖಾಬಿ ನಡುವೆ ಬಂದಳು.

“ಮುಯ್ಯಿ ಮಾಡೂಣು, ಮೈಲಾರವ್ವ. ನಿನ್ನ ಎತ್ತು ಒಂದಿನ ಅಕ್ಕೋರಿಗೆ, ನಮ್ಮ ಕೈ ಒಂದಿನ ನಿನ್ನ ಹೊಲಕ್ಕ.”

ಹೊಲಕ್ಕೆ ಇಳಿದು ರೂಢಿಯಿಲ್ಲದ ಜುಲೇಖಾಬಿ, ನಮ್ಮ ಓಣಿಯ ಗುರವ್ವನನ್ನೂ ರಜಿಯಾಬಿಯನ್ನೂ ಕಟ್ಟಿಕೊಂಡು ಮೈಲಾರವ್ವನ ಗದ್ದೆಯಲ್ಲಿ ಬಗ್ಗಿ ಕಸ ಕಿತ್ತಳು. ಮಹಬೂಬಸಾಬರ ಹೊಲದಲ್ಲೂ ಹಾಗೆಯೇ. ಒಂದು ದಿನ ಮಧ್ಯಾಹ್ನ ಅತ್ತೆ ನನಗೆ ಊಟ ಬಡಿಸಿ, ದೊಡ್ಡ ಬೋಗುಣಿಯಲ್ಲಿ ಮೊಸರನ್ನ ಕಲಸಿ, ಮೇಲೆ ಉಪ್ಪಿನಕಾಯಿಯಿಟ್ಟು ಬಟ್ಟೆ ಕಟ್ಟಿದರು. “ಎಲ್ಲಿಗೆ?” ಎಂದು ಕೇಳಿದೆ. “ಹೊಲಕ್ಕ,” ಎಂದರು. ಊರು ದಾಟಿ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಳಿತು ಆ ಹೆಂಗಸರಿಗೆಲ್ಲ ಕೈತುತ್ತು ಹಾಕಿ ಬಂದರಂತೆ. ಬಂದವರು ಸ್ನಾನ ಮಾಡಿದರು, ದೇವರ ಮುಂದೆ ಕುಳಿತರು. ಮುಂದಿನ ಸಲವೂ ಬೋಗುಣಿ ಹೊರಬಿತ್ತು.

ಆ ಶ್ರಾವಣದಲ್ಲಿ ಒಂದು ಸೋಮವಾರ ಅರ್ಧ ದಾರಿಯಲ್ಲಿ ಮೈಲಾರವ್ವನ ಎಡದ ಎತ್ತು ಕಾಲು ಜಾರಿ ಕೆಸರಲ್ಲಿ ಕುಳಿತುಬಿಟ್ಟಿತು. ಎಬ್ಬಿಸಿದರೂ ಕುಂಟುತ್ತಿತ್ತು. ಮೇಲೆ ಜಡಿಮಳೆ. ಚಕ್ಕಡಿಗೆ ಹೊದಿಸಿದ ತಾಡಪತ್ರಿಯ ಕೆಳಗೆ ನಾನು ಒದ್ದೆಯಾಗುತ್ತಿದ್ದೆ. ಹೊರಗೆ ಇಬ್ಬರಿಗೂ ಜಗಳ. “ಬಾಜು ಗಟ್ಟಿ ದಾರಿ ಇತ್ತು, ಇದ್ರಾಗ್ಯಾಕ ಹೊಡದಿ?” ಎಂದು ಜುಲೇಖಾಬಿ. “ನೀನ ಹಿಡಿಬೇಕಿತ್ತು ಹಗ್ಗ!” ಎಂದು ಮೈಲಾರವ್ವ. ಅಷ್ಟರಲ್ಲಿ ಹಿಂದಿನಿಂದ ಹುಬ್ಬಳ್ಳಿ ಬಸ್ಸು ಬಂತು. ಜುಲೇಖಾಬಿ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತಳು.

ಕಂಡಕ್ಟರ ಗುಲಾಮಹುಸೇನ ಇಳಿದು ಬಂದು ತಾಡಪತ್ರಿ ಎತ್ತಿ ನೋಡಿದ. “ಮಲಗಿದವರನ್ನ ಬಸ್ಸಿನಾಗ ಹೆಂಗ ಒಯ್ಯೂದು?”

“ಹೆಂಗ ತಂದೇವೋ ಹಂಗ,” ಎಂದಳು ಜುಲೇಖಾಬಿ. “ನಿಮ್ಮ ಬಸ್ಸಿನಾಗ ಸಾಮಾನು ಇಡೂ ಕಂಬಿ ಇಲ್ಲೇನು? ಅದಕ್ಕ ಕಟ್ಟೂಣು.”

ಪ್ರಯಾಣಿಕರು ಇಳಿದರು. ಹೊರಸನ್ನು ನನ್ನ ಸಮೇತ ಹಿಂಬಾಗಿಲಿನಿಂದ ನಿಧಾನಕ್ಕೆ ಒಳಗೆ ತೆಗೆದುಕೊಂಡರು. ಎರಡೂ ಬದಿಯ ಕಂಬಿಗಳಿಗೆ ಹಗ್ಗ ಬಿಗಿದು, ಸೀಟುಗಳ ನಡುವಿನ ಓಣಿಯಲ್ಲಿ ತೂಗಿಬಿಟ್ಟರು. ತೂಗಾಡದಂತೆ ಆಚೀಚೆ ಕುಳಿತವರು ತಾವೇ ಕೈ ಹಚ್ಚಿ ಹಿಡಿದರು. ಅವರಲ್ಲಿ ಒಬ್ಬರದೂ ಹೆಸರು ನನಗೆ ಗೊತ್ತಿಲ್ಲ. ಒಬ್ಬ ಮುದುಕಿ ತನ್ನ ಒಣ ಸೆರಗಿನಿಂದ ನನ್ನ ಮುಖ ಒರೆಸಿದಳು. ಡ್ರೈವರ ಬಸ್ಸನ್ನು ಆಮೆಯಂತೆ ನಡೆಸಿದ.

ಜುಲೇಖಾಬಿ ತನಗೂ ನನಗೂ ಟಿಕೀಟು ಕೇಳಿದಳು. ಗುಲಾಮಹುಸೇನ ಆಕೆಗೆ ಒಂದು ಹರಿದುಕೊಟ್ಟು ಚೀಲ ಮುಚ್ಚಿದ. “ತೊಟ್ಟಿಲದಾಗ ಇರೋರಿಗೆ ನಮ್ಮಲ್ಲಿ ಟಿಕೀಟ ಇಲ್ಲ,” ಎಂದ. ಇಡೀ ಬಸ್ಸು ನಕ್ಕಿತು. ನಾನು ನಗುತ್ತಲೇ ಕಣ್ಣೀರು ಹಾಕಿದೆ. ರೋಗ ಬಂದಾಗಿನಿಂದ ಎಲ್ಲರಿಗೂ ಹೊರೆಯಾದೆ ಎಂಬ ಭಾವ ಎದೆಯ ಮೇಲೆ ಕುಳಿತಿತ್ತು. ಅಷ್ಟು ಕೈಗಳು ಹೊರಸನ್ನು ಹಿಡಿದುಕೊಂಡಿದ್ದ ಆ ದಿನ ಅದು ಇಳಿಯಿತು. ಆಮೇಲೆ ಮಳೆ ಜೋರಿದ್ದ ದಿನಗಳಲ್ಲೆಲ್ಲ ಆ ಬಸ್ಸು ನಮ್ಮೂರ ಅಗಸಿಯಲ್ಲಿ ನಮಗಾಗಿ ಕಾಯುತ್ತಿತ್ತು.

ಮರುವರ್ಷ ಬೇಸಿಗೆಯ ಹೊತ್ತಿಗೆ ಫೋಟೋ ತೆಗೆದು ನೋಡಿ, ಎಲುಬು ಕೂಡಿದೆ ಎಂದರು. ಮೊದಲು ಗೋಡೆ ಹಿಡಿದು ಕುಳಿತೆ, ಆಮೇಲೆ ನಿಂತೆ. ಕೊನೆಯ ಸೂಜಿಗೆ ಮೈಲಾರವ್ವನ ಪಕ್ಕದಲ್ಲಿ ಕುಳಿತೇ ಹೋದೆ, ಜುಲೇಖಾಬಿ ಹಿಂದಿನ ಹೊರಸಿನಲ್ಲಿ ಕಾಲು ಚಾಚಿ ಮಲಗಿ, “ಈಗ ಗೊತ್ತಾತು ನೋಡ್ರಿ, ಇಷ್ಟ ದಿನಾ ನೀವು ಎಷ್ಟ ಸುಖಾ ಉಂಡೀರಿ!” ಎಂದಳು. ಬೆನ್ನು ಸ್ವಲ್ಪ ಬಾಗಿದ್ದು ಬಾಗಿಯೇ ಉಳಿಯಿತು. ಶಾಲೆ ತೆರೆದಾಗ ಕೆಲಸಕ್ಕೆ ಹೋದೆ.

ಉಪಕಾರದ ಮಾತು ಎತ್ತಿದರೆ ಆಕೆ ಬೈಯುತ್ತಿದ್ದಳು. “ನಾ ಏನ ಹೊತ್ತೀನಿ ನಿಮ್ಮನ್ನ? ಎತ್ತು ಎಳದಾವು.” ಸೀರೆ ಕೊಟ್ಟರೆ ಉಡದೆ ಅದನ್ನು ಯಾರದೋ ಕೌದಿಗೆ ಅಂಚು ಮಾಡಿಬಿಟ್ಟಳು. ನಾನು ಸೋತು ಕೊಡುವುದನ್ನೇ ಬಿಟ್ಟೆ. ದಿನಾ ಬೆಳಿಗ್ಗೆ ಎದ್ದು ಕಾಲೂರಿ ನಿಂತಾಗ ಒಂದು ಗಳಿಗೆ ಆಕೆಯನ್ನೂ, ಮೈಲಾರವ್ವ, ಮಹಬೂಬಸಾಬರ ಎತ್ತುಗಳನ್ನೂ ನೆನೆಯುತ್ತೇನೆ. ಅದು ನನ್ನ ಪೂಜೆ.

೧೯೭೮ರಲ್ಲಿ ನನಗೆ ನವಲಗುಂದ ತಾಲೂಕಿನ ಮೊರಬಕ್ಕೆ ವರ್ಗವಾಯಿತು. ಆ ಚಳಿಗಾಲ ಜುಲೇಖಾಬಿ ಎರಡು ದಿನ ಇರಲೆಂದು ಬಂದಳು. ಕಣ್ಣು ಹಾಯುವವರೆಗೆ ಕರೀ ಎರೆಹೊಲ ನೋಡಿ, “ಇದೇನ್ರಿ, ನೆಳ್ಳಿಗೆ ಒಂದು ಗಿಡಾ ಇಲ್ಲ,” ಎಂದು ಮೂಗು ಮುರಿದಳು. ಅತ್ತೆ ಆಕೆಗೆ ತಾವೇ ಚಹಾ ಮಾಡಿ ಕೊಟ್ಟರು.

ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗ ಎದುರು ಮನೆಯಿಂದ ಕೆಮ್ಮು ಕೇಳಿತು. ಕೂಲಿ ಮಾಡುವ ಮನುಷ್ಯ, ಕೆಲವು ದಿನಗಳಿಂದ ಮಲಗಿದ್ದಾನೆ, ಹುಬ್ಬಳ್ಳಿಯ ದವಾಖಾನೆಗೆ ಹೋಗಲು ಹೇಳಿದ್ದಾರಂತೆ, ಬಸ್ಸು ಹತ್ತುವ ಶಕ್ತಿಯಿಲ್ಲವಂತೆ ಎಂದೆ.

ಆಕೆ ಲೋಟ ಕೆಳಗಿಟ್ಟಳು. “ಈ ಊರಾಗ ಹುಬ್ಬಳ್ಳಿಗೆ ಟ್ರ್ಯಾಕ್ಟರ ಯಾರದು ಹೋಗ್ತೈತಿ?”

“ಮೂಲಿಮನಿಯವ್ರದು. ಆದ್ರ ಅವ್ರು ಒಪ್ಪತಾರೋ ಇಲ್ಲೋ.”

“ಕೇಳಿ ಬರೂಣು, ಏಳ್ರಿ,” ಎಂದು ಆಕೆ ಆಗಲೇ ಕಟ್ಟೆ ಇಳಿದಿದ್ದಳು. ನಾನೂ ಚಪ್ಪಲಿ ಮೆಟ್ಟಿ ಹಿಂದೆ ಹೊರಟೆ.