ಗಟ್ಟಿಮೇಳಕ್ಕೆ ಒದಗಿದ ಸ್ಯಾಕ್ಸೊಫೋನು

ಇಲ್ಲಿ ಗಲ್ಫಿನಲ್ಲಿ, ಬೆಳಗ್ಗೆ ಮಂಗಫ್‌ನಿಂದ ರಿಫೈನರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಿರುತ್ತೇನೆ. ದೇವರನಾಮ ಕೇಳುತ್ತಿದ್ದೇನೆಂದು ಪಕ್ಕದವರ ನಂಬಿಕೆ. ನಾನೂ ತಿದ್ದಲು ಹೋಗಿಲ್ಲ. ಕೇಳುವುದು ಅಮೆರಿಕದ ಕಪ್ಪು ಜನರ ಹಳೆಯ ಕುಣಿತದ ಸಂಗೀತ, ರಿದಮ್ ಅಂಡ್ ಬ್ಲೂಸ್. ಅದರಲ್ಲೂ ಆರಂಭದ ವರ್ಷಗಳ ಸ್ಯಾಕ್ಸೊಫೋನ್ ರೆಕಾರ್ಡುಗಳು.

ಈ ಚಟ ಅಂಟಿದ್ದು ಶುವೈಖ್‌ನ ಒಂದು ಗ್ಯಾರೇಜಿನಲ್ಲಿ. ಕಾರು ರಿಪೇರಿಗೆ ಬಿಟ್ಟು ಬೆಂಚಿನ ಮೇಲೆ ಫೋನು ತಿಕ್ಕುತ್ತ ಕೂತಿದ್ದಾಗ ಅಕಸ್ಮಾತ್ತಾಗಿ ಅಂಥ ಒಂದು ರೆಕಾರ್ಡು ಸಿಕ್ಕಿತು. ಸುತ್ತಲೂ ಸುತ್ತಿಗೆ, ಗ್ರೈಂಡರ್, ನಾಲ್ಕು ಭಾಷೆಯ ಬೈಗುಳ. ಅಷ್ಟು ಗದ್ದಲದಲ್ಲೂ ಸ್ಯಾಕ್ಸೊಫೋನು ಸ್ಪಷ್ಟವಾಗಿ ಕೇಳಿತು. ಆಮೇಲೆ ಓದಿ ತಿಳಿದೆ: ಗಿಟಾರ್ ಮೆರೆಯುವ ಮೊದಲು ಆ ಸಂಗೀತದಲ್ಲಿ ಯಜಮಾನಿಕೆ ಇದರದೇ. ಕುಣಿತದ ಹಾಲ್‌ನಲ್ಲಿ ಕುಡಿದು ಕೂಗುವ ಜನರ ನಡುವೆ ಊದುವವನಿಗೆ ನಾಜೂಕು ಕೆಲಸಕ್ಕೆ ಬರುವುದಿಲ್ಲ. ಒಂದೇ ಸ್ವರ ಹಿಡಿದು, ಒರಟಾಗಿ, ಮತ್ತೆ ಮತ್ತೆ, ಕೆಲವರು ನೆಲದ ಮೇಲೆ ಅಂಗಾತ ಮಲಗಿ ಊದುತ್ತಿದ್ದರಂತೆ. ಸಂಗೀತ ಬಲ್ಲವರು ಮೂಗು ಮುರಿದರು. ಗದಗಿನವಳಾದ ನನ್ನ ಹೆಂಡತಿ ಸಂಗೀತ ಬಲ್ಲವಳೇನಲ್ಲ, ಆದರೆ ಅಭಿಪ್ರಾಯ ಅದೇ.

"ಇದೇನ್ ಹಾಡರೀ, ಎಮ್ಮಿ ಒದರಿದಂಗ ಐತಿ. ಬಂದ್ ಮಾಡ್ರಿ."

ಹೋದ ವರ್ಷ ಮಗಳ ಮದುವೆ ಮಾತು ನಡೆಯಿತು. ಹುಡುಗ ಅವಳ ಆಫೀಸಿನವನೇ, ಉಡುಪಿ ಕಡೆಯವನು. ಅವರಿಬ್ಬರೂ ಒಪ್ಪಿಯಾಗಿತ್ತು. ಆದರೆ ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ತಾಯಿ ಶಕುನದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಾತು ಮುಗಿಸಲು ಕೂತ ದಿನ ಧೂಳಿನ ಗಾಳಿಗೆ ನಾನು ಸೀನಿಬಿಟ್ಟೆ. ತಾಂಬೂಲ ಮುಟ್ಟದೆ ಎದ್ದುಹೋದರು. ಮಗ ಕಾಡಿ ಬೇಡಿ ಇನ್ನೊಂದು ದಿನಕ್ಕೆ ಒಪ್ಪಿಸಿದ. ಅದೂ ಕೆಟ್ಟರೆ ವೀಸಾ ಮುಗಿಯುತ್ತದೆ, ಅವರು ಊರಿಗೆ ಹೋಗಿ ಬೇರೆ ಹುಡುಗಿ ನೋಡುತ್ತಾರೆ. ಮಗಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನನಗೂ ನಿಜಕ್ಕೂ ಹೆದರಿಕೆಯಾಗಿತ್ತು.

ನಿಶ್ಚಿತಾರ್ಥ ನಮ್ಮ ಫ್ಲ್ಯಾಟಿನಲ್ಲೇ ಇಟ್ಟುಕೊಂಡೆವು. ಕರಾವಳಿಯಲ್ಲಿ ಸ್ಯಾಕ್ಸೊಫೋನು ಮಂಗಳವಾದ್ಯ. ದೇವಸ್ಥಾನದಲ್ಲಿ, ಮದುವೆಯಲ್ಲಿ ಡೋಲಿನ ಜೊತೆ ಅದನ್ನೇ ಊದುತ್ತಾರೆ. ಇಲ್ಲಿ ಊದುವವರನ್ನು ಎಲ್ಲಿಂದ ತರುವುದು? ಫೋನಿನಿಂದ ಸ್ಪೀಕರಿಗೆ ಅಂಥದೊಂದು ವಾದನ ಹಾಕುವ ಜವಾಬ್ದಾರಿ ನನ್ನ ತಲೆಗೆ ಬಂತು. ಪುಕ್ಕಟೆ ಆಪ್ ಅದು. ಕೀರ್ತನೆ ಚೆನ್ನಾಗಿಯೇ ನಡೆದಿತ್ತು. ಉಂಗುರ ತೊಡಿಸುವ ಮುಹೂರ್ತಕ್ಕೆ ಸರಿಯಾಗಿ ವಾದ್ಯ ನಿಂತು, ಅರಬ್ಬಿಯಲ್ಲಿ ಸೋಫಾ ಸೆಟ್ಟಿನ ಜಾಹೀರಾತು ಶುರುವಾಯಿತು. ಮಂತ್ರ ಬಲ್ಲ ಎಂಜಿನಿಯರ್ ಒಬ್ಬರು ಅಂದಿನ ಪುರೋಹಿತರು. "ಗಟ್ಟಿಮೇಳ, ಗಟ್ಟಿಮೇಳ" ಎಂದು ನನ್ನ ಕಡೆ ಕೈ ಬೀಸುತ್ತಿದ್ದಾರೆ. ಬೆವರಿದ ಬೆರಳಿಗೆ ಸಿಕ್ಕಿದ್ದು ಬಸ್ಸಿನಲ್ಲಿ ಕೇಳುವ ನನ್ನ ಖಜಾನೆ. ಒತ್ತಿಬಿಟ್ಟೆ.

ಒಂದೇ ಸ್ವರ, ಕಿಟಕಿಯ ಗಾಜು ನಡುಗುವಂತೆ. ಹೆಂಡತಿ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ಆದರೂ ಅಕ್ಷತೆ ಬಿತ್ತು, ಉಂಗುರ ಬೆರಳು ಸೇರಿತು. ಯೋಚಿಸಿದರೆ, ಗಟ್ಟಿಮೇಳದಲ್ಲಿ ರಾಗ ಯಾರು ಕೇಳುತ್ತಾರೆ? ಕೇಳಬಾರದ್ದು ಕೇಳದಂತೆ ಮಾಡುವುದೇ ಅದರ ಕೆಲಸ. ಆ ಕುಣಿತದ ಹಾಲ್‌ಗಳಲ್ಲಿ ಊದಿದವರಿಗಿಂತ ಅದಕ್ಕೆ ಯೋಗ್ಯರು ಯಾರಿದ್ದಾರೆ? ಈ ಸಮಾಧಾನ ನನಗೆ ಹೊಳೆದದ್ದು ಮಾತ್ರ ಮರುದಿನ.

ಊಟ ಮುಗಿಸಿ ಹೊರಡುವಾಗ ಬೀಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದರು. ಕಥೆ ಮುಗಿಯಿತು ಎಂದುಕೊಂಡೆ. ಅವರು ದನಿ ತಗ್ಗಿಸಿದರು.

"ಉಂಗುರ ಹಾಕುವಾಗ ನನಗೊಂದು ಸೀನು ಬಂತು ಮಾರಾಯ್ರೆ, ತಡೆಯಲಿಕ್ಕೇ ಆಗಲಿಲ್ಲ. ನಿಮಗೆ ಕೇಳಿತಾ?"

"ಇಲ್ಲರೀ," ಎಂದೆ. ಕೇಳಿರಲಿಲ್ಲ.

"ಮತ್ತೆ ಯಾರಿಗೂ ಕೇಳಿರಲಿಕ್ಕಿಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡರು. "ಮದುವೆಗೂ ಅದನ್ನೇ ಹಾಕಿ ಆಯ್ತಾ? ಇನ್ನೂ ಸ್ವಲ್ಪ ಜೋರಿರಲಿ."